ನಮ್ಮ ಬಾಲವಾಡಿಯ ಬಾಯಿ

ಹೋದ ತಿಂಗಳು ನಮ್ಮ ಬಾಲವಾಡಿಯ ಟೀಚರು ನಿವೃತ್ತರಾದರು. ಬಾಲವಾಡಿ ನಡೆಸುವ ನಮ್ಮ ಕನ್ನಡ ಸಂಘದ ಸಂಚಿಕೆಗೆ ಅವರ ಬಗ್ಗೆ ನಾನೇ ಬರೆಯಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಅವರನ್ನೇ ಒಂದು ಮಾತು ಕೇಳಿಬಿಡೋಣವೆಂದು ಬಾಲವಾಡಿಗೆ ಹೋದೆ. ನಿವೃತ್ತಿಯ ಮೇಲೂ ಅಲ್ಲೇ ಮಕ್ಕಳ ಕುರ್ಚಿಗಳನ್ನು ಒಂದರೊಳಗೊಂದು ಇಡುತ್ತಿದ್ದವರು ತಲೆ ಎತ್ತದೆಯೇ ಮೂರು ಷರತ್ತು ಹಾಕಿದರು. ಹೆಸರು ಹಾಕಬಾರದು. ಫೋಟೋ ಹಾಕಬಾರದು. ತ್ಯಾಗಮಯಿ, ಮಾತೃಹೃದಯಿ ಎಂದೇನಾದರೂ ಬರೆದರೆ ಇನ್ನು ಸಂಘದ ಮೆಟ್ಟಿಲು ಹತ್ತುವುದಿಲ್ಲ.

"ಹಾಗಾದರೆ ಬರೆಯುವುದಾದರೂ ಏನನ್ನು?" ಎಂದೆ.

"ನೋಡಿದ್ದು ಬರೀರಿ, ಸಾಹೇಬ್ರ."

ಮೊದಲ ಎರಡು ಷರತ್ತಿಗೆ ನನ್ನ ತಕರಾರಿಲ್ಲ. ಮೂರನೆಯದರಿಂದ ಮಾತ್ರ ತುಂಬಲಾರದ ನಷ್ಟವಾಗಿದೆ. ಬೀಳ್ಕೊಡುಗೆಯ ಲೇಖನದಿಂದ ಗುಣವಾಚಕಗಳನ್ನು ತೆಗೆದುಹಾಕಿದರೆ ಉಳಿಯುವುದು ತಾರೀಖು ಮತ್ತು ಹಾರ.

ಹೆಸರಿಲ್ಲದಿದ್ದರೂ ಓದುಗರಿಗೆ ತೊಂದರೆಯಾಗದು. ಕಾಂದಿವಲಿಯ ನಮ್ಮ ಗಲ್ಲಿಯಲ್ಲಿ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮಕ್ಕಳು, ಮಕ್ಕಳ ತಾಯಂದಿರು, ಹಾಲಿನವನು, ಗ್ಯಾಸ್ ಸಿಲಿಂಡರಿನವನು, ಎಲ್ಲರಿಗೂ ಅವರು "ಬಾಯಿ". ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು; ಸ್ವಲ್ಪ ಗೌರವ ಸೇರಿಸಿ ಹೇಳಿದರೆ ಶಾಲೆಯ ಟೀಚರಮ್ಮ. ಮುಂಬಯಿಯಲ್ಲಿ ಬೆಳೆದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಆದರೆ ನಾನು ಮಂಡ್ಯದ ಕಡೆಯಿಂದ ಬಂದವನು. ನಲವತ್ತು ವರ್ಷ ಇಲ್ಲಿ ನೀರು ಕುಡಿದರೂ ಒಬ್ಬ ಗೌರವಸ್ಥ ಮಹಿಳೆಯ ಎದುರು ಕೈಮುಗಿದು "ನಮಸ್ಕಾರ ಬಾಯಿಯವರೇ" ಎನ್ನುವಾಗ ನನ್ನ ಕನ್ನಡ ನಾಲಗೆ ಒಳಗೊಳಗೇ ನಾಚುತ್ತಿತ್ತು. ಕಣ್ಣಿನವರು, ಮೂಗಿನವರು ಎಂದು ಯಾರನ್ನಾದರೂ ಕರೆಯುತ್ತೇವೆಯೇ?

ಅದರಲ್ಲೂ ಆ ಬಾಯಿ ತೆರೆಯುತ್ತಿದ್ದದ್ದೇ ಅಪರೂಪ. ಧಾರವಾಡದ ಕಡೆಯವರು, ಎರಡು ಸಾಲಿನಲ್ಲಿ ಹೇಳಬಹುದಾದ್ದನ್ನು ಎರಡು ಶಬ್ದದಲ್ಲಿ ಹೇಳಿ, ಉಳಿದದ್ದನ್ನು ನಮ್ಮ ಮೇಲೆ ಬಿಟ್ಟು ಸುಮ್ಮನಾಗುವರು. ತರಗತಿಯ ಮೂಲೆಯಲ್ಲಿ, ಆಟಿಕೆಯ ಕಪಾಟಿಗೆ ಒತ್ತಿ, ಒಂದು ಗೇಣೆತ್ತರದ ಮಣೆಯ ಮೇಲೆ ಅವರ ಆಸನ. ಕೊರಳಿಗೆ ದಾರ ಕಟ್ಟಿ ನೇತುಹಾಕಿದ ಇನ್ನೂರು ಪುಟದ ನೋಟುಬುಕ್ಕು. ಸಹಾಯಕಿ ಹುಡುಗಿಯೊಬ್ಬಳು ಮಕ್ಕಳಿಗೆ ಹಾಡು ಹೇಳಿಸುತ್ತ, ಮಣ್ಣು ಕಲೆಸಿಕೊಡುತ್ತ ಓಡಾಡುತ್ತಿದ್ದರೆ, ಇವರು ದಿನಕ್ಕೆ ಒಂದು ಗಂಟೆ ಅಲ್ಲಿ ಕುಳಿತು ಸುಮ್ಮನೆ ನೋಡುತ್ತಿದ್ದರು. ಎಷ್ಟು ಸುಮ್ಮನೆ ಎಂದರೆ ಮಕ್ಕಳು ಅವರನ್ನು ಕಪಾಟಿನ ಒಂದು ಭಾಗವೆಂದೇ ತಿಳಿದಿದ್ದವು. ಒಂದು ದಿನ ಮೂರು ವರ್ಷದ ಪೋರನೊಬ್ಬ ತನ್ನ ಒದ್ದೆ ಕರವಸ್ತ್ರವನ್ನು ಹರವಲು ಜಾಗ ಹುಡುಕುತ್ತ ಬಂದು, ಅವರ ಹೆಗಲ ಮೇಲೆ ನೀಟಾಗಿ ಹರವಿ ಹೋದ. ಅವರು ಅಲುಗಲಿಲ್ಲ. ಕರವಸ್ತ್ರ ಒಣಗುವ ತನಕ ಬರೆಯುತ್ತಲೇ ಇದ್ದರು.

ಈ ಬಾಲವಾಡಿಗೆ ನಾನು ಗಂಟುಬಿದ್ದದ್ದು ಹೀಗೆ. ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ನಾನು ಬೋಲ್ಟುಗಳ ಇನ್ಸ್‌ಪೆಕ್ಟರನಾಗಿದ್ದೆ. ಬೋಲ್ಟನ್ನು ಗೇಜಿಗೆ ಹಾಕುವುದು. ಕೂತರೆ ಪಾಸು, ಕೂರದಿದ್ದರೆ ಕೆಂಪು ಡಬ್ಬಿಗೆ. ಮೂವತ್ತೈದು ವರ್ಷ ಈ ಲೋಕಕಲ್ಯಾಣ ಮಾಡಿ ನಿವೃತ್ತನಾದ ಮೇಲೆ, ಮನೆಯಲ್ಲಿ ಸೊಸೆಯ ಚಪಾತಿಯ ವ್ಯಾಸವನ್ನು ಪರಿಶೀಲಿಸತೊಡಗಿದೆ. ಮನೆಯವರೆಲ್ಲ ಸೇರಿ ನನ್ನನ್ನು ಸಂಘಕ್ಕೆ ದಾನ ಮಾಡಿದರು. ಸಂಘದವರು "ಬಾಲವಾಡಿಯ ವೀಕ್ಷಕರು" ಎಂದು ಬಿರುದು ಕೊಟ್ಟು ಕೆಳಗಿನ ಹಾಲಿಗೆ ಅಟ್ಟಿದರು.

ಮೊದಲ ದಿನ ನಾನು ಬಾಗಿಲ ಬಳಿ ಕೈ ಹಿಂದೆ ಕಟ್ಟಿ ನಿಂತೆ. ವೀಕ್ಷಕನ ಭಂಗಿ ಅದು ತಾನೆ.

"ಸಾಹೇಬ್ರ, ಕೂಡ್ರಿ," ಎಂದರು ಬಾಯಿ.

"ಪರವಾಗಿಲ್ಲ, ನಿಂತೇ ನೋಡುತ್ತೇನೆ."

"ನಿಂತ್ರ ಮಕ್ಕಳಿಗೆ ನೀವು ಬರೇ ಪ್ಯಾಂಟು ಕಾಣ್ತೀರಿ."

ಕೂತೆ. ಮಕ್ಕಳ ಕುರ್ಚಿ ನನ್ನನ್ನು ಸ್ವೀಕರಿಸಿತೇ ಹೊರತು ಬಿಟ್ಟುಕೊಡಲು ಒಪ್ಪಲಿಲ್ಲ. ಮಧ್ಯಾಹ್ನ ನಾನು ಎದ್ದಾಗ ಅದೂ ನನ್ನೊಡನೆ ಎದ್ದಿತು. ಇಪ್ಪತ್ತೆರಡು ಮಕ್ಕಳು ಚಪ್ಪಾಳೆ ತಟ್ಟಿದವು.

ಅಂದು ನಾನು ಬರೆದ ವರದಿಯನ್ನು ಹೆಮ್ಮೆಯಿಂದ ಅವರ ಮುಂದಿಟ್ಟೆ. ಕೆಂಪು ಚಡ್ಡಿಯ ಹುಡುಗ: ಹಠಮಾರಿ. ಎರಡು ಜಡೆಯ ಹುಡುಗಿ: ಜಗಳಗಂಟಿ. ಕಿಟಕಿಯ ಬಳಿಯವನು: ಸೋಮಾರಿ. ಹೀಗೆ ಇಪ್ಪತ್ತೆರಡು ಬೋಲ್ಟು. ಬಾಯಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದರು.

"ಹಠ ಎಷ್ಟ್ ಗಂಟೆಗೆ ಬಂತ್ರಿ?"

"ಹಠ ಅಂದರೆ... ಬಾಗಿಲು ಬಿಟ್ಟು ಒಳಗೆ ಬರಲಿಲ್ಲವಲ್ಲ?"

"ಅದನ್ನ ಬರೀರಿ. ಹಠ ನಾ ನೋಡಿಲ್ಲ, ಬಾಗಿಲು ನೋಡೀನಿ."

ಇಪ್ಪತ್ತೆರಡನ್ನೂ ಹೊಡೆದುಹಾಕಿ ತಮ್ಮ ಪುಸ್ತಕ ತೋರಿಸಿದರು. "೯.೧೦: ಕೆಂಪು ಚಡ್ಡಿ ಬಾಗಿಲಲ್ಲಿ. ಅವ್ವನ ಸೆರಗು ಹಿಡಿದಾನ. ೯.೧೪: ಸೆರಗು ಬಿಟ್ಟ, ಬಾಗಿಲು ಹಿಡಿದ. ೯.೨೩: ಒಂದು ಕೈ ಬಾಗಿಲು, ಒಂದು ಕೈ ಚೆಂಡು. ೯.೩೦: ಎರಡೂ ಕೈ ಚೆಂಡು." ರೈಲಿನ ವೇಳಾಪಟ್ಟಿಗಿಂತ ನೀರಸವಾಗಿದೆಯಲ್ಲ ಎಂದುಕೊಂಡೆ. ಮತ್ತೊಮ್ಮೆ ಓದಿದಾಗ ಒಂಬತ್ತು ಮೂವತ್ತಕ್ಕೆ ಬಂದು ನನಗೇ ಉಸಿರು ಸಡಿಲವಾಯಿತು. ಆ ಹುಡುಗ ಇಪ್ಪತ್ತು ನಿಮಿಷದಲ್ಲಿ ಅವ್ವನಿಂದ ಚೆಂಡಿನವರೆಗೆ ನಡೆದುಬಂದಿದ್ದ. ನಾನು ಅದೇ ಕೋಣೆಯಲ್ಲಿದ್ದೆ, ಕಂಡಿರಲಿಲ್ಲ.

ಆಮೇಲಿನ ನನ್ನ ಶಿಕ್ಷಣವೆಲ್ಲ ಹೀಗೆಯೇ, ಬಿಡಿಬಿಡಿಯಾಗಿ, ಬಹುಪಾಲು ನನ್ನ ಮಾನ ತೆಗೆದು ನಡೆಯಿತು.

ಒಮ್ಮೆ ಮೂರು ವರ್ಷದ ಇಬ್ಬರು ಪಕ್ಕಪಕ್ಕ ಕೂತು ಮರಳು ತುಂಬುತ್ತಿದ್ದರು. ಅರ್ಧ ಗಂಟೆಯಾದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಏನೋ ಮನಸ್ತಾಪವಿರಬೇಕು, ರಾಜಿ ಮಾಡಿಸೋಣವೆಂದು ಎದ್ದೆ. ಬಾಯಿ ನನ್ನ ಅಂಗಿಯ ಚುಂಗು ಹಿಡಿದು ಕೂರಿಸಿದರು. "ಲೋಕಲ್‌ನಾಗ ಬೋರಿವಲಿಯಿಂದ ಚರ್ಚ್‌ಗೇಟ್ ತನಕ ಪಕ್ಕದಾಂವನ ತೊಡಿಗೆ ತೊಡಿ ಹಚ್ಚಿ ಕೂಡ್ತೀರಿ. ಮಾತಾಡ್ತೀರೇನು? ಜಗಳ ಆಗೈತೇನು? ಮೂರು ವರ್ಷಕ್ಕ ಅಷ್ಟು ಸಾಕ್ರಿ. ಮುಂದಿನ ವರ್ಷ ಮಾತಾಡ್ತಾವ."

ಇನ್ನೊಮ್ಮೆ ಒಂದು ಮಗು ಎರಡು ಬಿಸ್ಕತ್ತು ಬೇಕೆಂದು ಅಳುತ್ತಿತ್ತು. ಡಬ್ಬದಲ್ಲಿ ಇದ್ದದ್ದು ಒಂದೇ. ನಾನು ಅದನ್ನು ಮುರಿದು ಎರಡು ತುಂಡು ಕೈಗಿಟ್ಟೆ. ಅಳು ನಿಂತಿತು. ನನ್ನ ಬುದ್ಧಿವಂತಿಕೆಗೆ ನಾನೇ ಮರುಳಾಗಿ ಬಾಯಿಯವರ ಕಡೆ ನೋಡಿದೆ. "ಈಗ ನಡೀತೈತಿ," ಎಂದರು. "ಆರು ತುಂಬಿದ ಮ್ಯಾಲೆ ಹಿಂಗ ಮಾಡಿದ್ರ ನಿಮ್ಮನ್ನ ಪೊಲೀಸರಿಗೆ ಕೊಡ್ತಾವ."

ನಾಲ್ಕು ವರ್ಷದವಳೊಬ್ಬಳು ನನ್ನ ಚಿತ್ರ ಬರೆದಿದ್ದಳು. ಒಂದು ದೊಡ್ಡ ಗುಂಡುತಲೆ. ತಲೆಯಿಂದಲೇ ನೇರವಾಗಿ ಇಳಿದ ಎರಡು ಕಾಲು. ಹೊಟ್ಟೆಯಿಲ್ಲ, ಕೈಯಿಲ್ಲ, ಇನ್ಸ್‌ಪೆಕ್ಟರನ ಗಾಂಭೀರ್ಯವಂತೂ ಇಲ್ಲವೇ ಇಲ್ಲ. ನನ್ನ ಮುಖ ನೋಡಿ ಬಾಯಿ ಸಮಾಧಾನ ಹೇಳಿದರು: "ಬ್ಯಾಸರ ಮಾಡ್ಕೋಬ್ಯಾಡ್ರಿ. ಹೋದ ತಿಂಗಳು ನಿಮಗ ಕಾಲೂ ಇರಲಿಲ್ಲ." ಹಳೆಯ ಹಾಳೆ ತೆಗೆದು ತೋರಿಸಿದರು. ನಿಜ. ಹೋದ ತಿಂಗಳು ನಾನೊಂದು ಬರೀ ಸುತ್ತಾಗಿದ್ದೆ. ಮಗುವಿನ ಕಣ್ಣಿನಲ್ಲಿ ಮನುಷ್ಯ ಹೀಗೆ ತಿಂಗಳಿಗೊಂದು ಅಂಗದಂತೆ ಬೆಳೆಯುತ್ತಾನಂತೆ. ಡಿಸೆಂಬರಿನ ಹೊತ್ತಿಗೆ ನನಗೆ ಹೊಕ್ಕುಳವೂ ಬಂತು.

ಮಗು ಬಿದ್ದರೆ ಅವರು ಓಡುತ್ತಿರಲಿಲ್ಲ. ಮನಸ್ಸಿನಲ್ಲಿ ಮೂರು ಎಣಿಸುತ್ತಿದ್ದರು; ಮೊಣಕಾಲಿನ ಮೇಲೆ ಬೆರಳು ಬಡಿಯುವುದು ಕಾಣುತ್ತಿತ್ತು. ಇದೆಂಥ ಕಲ್ಲುಮನಸ್ಸು ಎಂದು ನನಗನಿಸಿದ್ದುಂಟು. "ಬಿದ್ದ ಮಗು ಮೊದಲ ಆಚೆ ಈಚೆ ನೋಡ್ತೈತ್ರಿ, ಆಮ್ಯಾಲೆ ಅಳಬೇಕೋ ಬ್ಯಾಡೋ ಅಂತ ವಿಚಾರ ಮಾಡ್ತೈತಿ. ನಾವು ಹೌಹಾರಿದ್ರ ಪಾಪ, ಅದಕ್ಕ ಅಳದೇ ಬ್ಯಾರೆ ದಾರಿ ಇರೂದಿಲ್ಲ." ಮೂರು ಎಣಿಸಿದ ಮೇಲೂ ಏಳದ ಮಗುವಿನ ಬಳಿಗೆ ಅವರು ಹೋಗುತ್ತಿದ್ದ ವೇಗವನ್ನು ಹೇಳಬೇಕೆಂದರೆ ನನಗೆ ಗುಣವಾಚಕ ಬೇಕಾಗುತ್ತದೆ. ಷರತ್ತಿದೆ.

ಇಷ್ಟೆಲ್ಲ ಕಲಿತ ಮೇಲೂ ನಾನು ಮಾಡಿದ ಒಂದು ಘನಕಾರ್ಯವಿದೆ. ಬಾಯಿಯವರನ್ನು ಚಿತ್ರಿಸುವುದೆಂದರೆ ಅದನ್ನು ಹೇಳಲೇಬೇಕು.

ಬಾಲವಾಡಿಯ ಹಿಂದಿನ ಜೋಪಡಿಗಳ ಬಸ್ತಿಯಲ್ಲಿ ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಸಂಸಾರಗಳಿವೆ. ಅಲ್ಲಿಂದ ಬರುತ್ತಿದ್ದವಳು ನಿಂಗಮ್ಮ. ಹೆಸರು ಅಜ್ಜಿಯದು, ವಯಸ್ಸು ಐದೂಮುಕ್ಕಾಲು. ಬಾಲವಾಡಿಗೆ ಸೇರಿ ವರ್ಷವಾಗುತ್ತ ಬಂದಿದ್ದರೂ ಒಳಗೆ ಒಂದಕ್ಷರ ಆಡಿದವಳಲ್ಲ. ಹಾಡುವಾಗ ತುಟಿ ಬಿಗಿ, ಹೆಸರು ಕೇಳಿದರೆ ನೆಲ ನೋಟ. ಜೂನಿನಲ್ಲಿ ಅವಳು ಒಂದನೆಯ ಇಯತ್ತೆಗೆ, ಎಂದರೆ ಒಂದನೆಯ ತರಗತಿಗೆ, ಹೋಗಬೇಕಾಗಿತ್ತು.

ಎರಡು ಗಲ್ಲಿ ಆಚೆ ಇದ್ದ ಕನ್ನಡ ಶಾಲೆಯ ಹೆಡ್ಮಾಸ್ತರರು ನಮ್ಮ ಮಕ್ಕಳನ್ನು ತೆಗೆದುಕೊಳ್ಳುವ ಮೊದಲು ಒಂದು "ಪರಿಚಯ ಪಟ್ಟಿ" ಕೇಳುತ್ತಿದ್ದರು. ಅಷ್ಟು ಚಿಕ್ಕ ಮಕ್ಕಳಿಗೆ ಪರೀಕ್ಷೆ ಮಾಡುವಂತಿಲ್ಲ. ಆದ್ದರಿಂದ ಅದರ ಹೆಸರು ಪರಿಚಯ. ಬಾಯಿಯವರು ನಾಲ್ಕು ದಿನ ದಾದರಿನಲ್ಲಿ ಟೀಚರುಗಳ ಶಿಬಿರಕ್ಕೆ ಹೋಗಿದ್ದಾಗ ಈ ಪಟ್ಟಿಯ ಬೇಡಿಕೆ ಬಂತು. ನನ್ನೊಳಗಿನ ಇನ್ಸ್‌ಪೆಕ್ಟರು ಎದ್ದು ಕೂತ. ಇಪ್ಪತ್ತು ಪ್ರಶ್ನೆಗಳ ಫಾರಂ ಒಂದನ್ನು ನಾನೇ ರಚಿಸಿ, ಜೆರಾಕ್ಸ್ ಮಾಡಿಸಿ, ಒಂದನೆಯ ಇಯತ್ತೆಗೆ ಹೋಗಬೇಕಾದ ಎಂಟು ಮಕ್ಕಳನ್ನು ಒಬ್ಬೊಬ್ಬರಾಗಿ ಎದುರಿಗೆ ಕೂರಿಸಿಕೊಂಡು ಗೇಜಿಗೆ ಹಾಕಿದೆ.

ನಿಂಗಮ್ಮನಿಗೆ ಇಪ್ಪತ್ತರಲ್ಲಿ ಮೂರು ಬಂತು. ಹೆಸರು ಹೇಳಲಿಲ್ಲ, ಬಣ್ಣ ಹೇಳಲಿಲ್ಲ, ಎಣಿಸಲಿಲ್ಲ. ಕಣ್ಣು ತೋರಿಸು ಎಂದರೆ ಕಣ್ಣು ಮುಟ್ಟಿದಳು, ಮೂಗು ಎಂದರೆ ಮೂಗು ಮುಟ್ಟಿದಳು, ಕಿವಿ ಎಂದರೆ ಕಿವಿ ಹಿಡಿದಳು. ಹದಿನೆಂಟನೆಯ ಪ್ರಶ್ನೆ "ಬಾಯಿ ತೋರಿಸು." ಕೈ ಎತ್ತಿ ಕಿಟಕಿ ತೋರಿಸಿದಳು. ಮತ್ತೆ ಕೇಳಿದೆ. ಮತ್ತೆ ಕಿಟಕಿ. ನಾನು ದಪ್ಪ ಅಕ್ಷರದಲ್ಲಿ ಷರಾ ಬರೆದೆ: "ಮಾತಿಲ್ಲ. ತನ್ನ ಬಾಯಿ ಎಲ್ಲಿದೆ ಎಂಬುದೂ ತಿಳಿಯದು. ಶಾಲೆಗೆ ತಯಾರಿಲ್ಲ." ಅದೇ ಸಂಜೆ ನಡೆದುಹೋಗಿ ಪಟ್ಟಿಯನ್ನು ಹೆಡ್ಮಾಸ್ತರರ ಕೈಗೆ ಕೊಟ್ಟೆ. ಕೆಲಸವನ್ನು ನಾಳೆಗೆ ಇಡುವ ಚಾಳಿ ನನ್ನದಲ್ಲ.

ಮೂರನೆಯ ದಿನ ಬೆಳಿಗ್ಗೆ ನಿಂಗಮ್ಮನ ತಾಯಿ ಬಾಗಿಲಲ್ಲಿ ನಿಂತಿದ್ದಳು. ಬಾಯಿಯವರು ಅಂದೇ ಶಿಬಿರ ಮುಗಿಸಿ ಬಂದಿದ್ದರು.

"ಬಾಯೀ, ಸಾಲಿಯಾಗ ನಿಂಗೀಗಿ ತಗೊಳ್ಳಲ್ಲ ಅಂದ್ರಂತ್ರೀ. ಅವರಪ್ಪ ಸುರು ಮಾಡ್ಯಾನ, ಸಾಲಿ ಇಲ್ಲಂದ್ರ ಈಕಿಗಿ ಊರಿಗಿ ಬಿಟ್ಟು ಬರ್ತೀನಿ, ಮುದುಕಿ ಬಲ್ಲಿ ಇರ್ಲಿ ಅಂತಾನ. ನಾ ಕೆಲಸಕ್ಕ ಹೋದ್ರ ಖೋಲಿಯಾಗ ಒಬ್ಬಾಕಿನೇ ಹ್ಯಾಂಗ ಬಿಡಲ್ರೀ? ವರ್ಷಕ್ಕೊಮ್ಮೆ ಜಾತ್ರಿಗಿ ಹೋದಾಗ ಮಗಳ ಮಾರಿ ನೋಡ್ಲೇನು ನಾನು?"

ನಿಂಗಮ್ಮ ತಾಯಿಯ ಹಿಂದೆ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಬಾಯಿ ಒಮ್ಮೆ ನನ್ನ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗಬಹುದಿತ್ತು. ತಾಯಿಗೆ, "ಅಪ್ಪಗ ಎಂಟು ದಿನ ತಡೀ ಅನ್ನು," ಎಂದು ಹೇಳಿ ಕಳಿಸಿ, ಮಕ್ಕಳ ಹಾಡು ಮುಗಿದ ಮೇಲೆ ಫಾರಮ್ಮಿನ ನಕಲು ಕೇಳಿದರು. ಪೆನ್ಸಿಲ್ ಹದಿನೆಂಟರ ಮೇಲೆ ನಿಂತಿತು.

"ಯಾವ ಕಿಟಕಿ?"

"ಆ ಬಲಗಡೆಯದು."

"ಕಿಟಕಿ ತೋರಿಸಿದ್ಲೋ, ಕಿಟಕಿ ಆಚೆ ಏನರ ತೋರಿಸಿದ್ಲೋ?"

ಆಗ ನನಗೆ ಫಕ್ಕನೆ ಹೊಳೆಯಿತು. ತೊಡೆ ತಟ್ಟಿದೆ. "ಅಯ್ಯೋ ಬಾಯಿಯವರೇ! ಬಾಯಿ ಎಂದರೆ ನೀವೇ ಅಲ್ಲವೇ! ಮಗು ನಿಮ್ಮನ್ನು ತೋರಿಸಿದೆ!"

"ನಾ ದಾದರಿನ್ಯಾಗ ಇದ್ದೆ," ಎಂದರು. "ನೀವು ಮತ್ತ ನೋಡದ ತಿಳಕೊಂಡ್ರಿ. ನೋಡ್ರಿ ಹೋಗಿ."

ನಿಂತು ನೋಡಿದೆ. ಕಿಟಕಿಯಲ್ಲಿ ಕಂಪೌಂಡ್ ಗೋಡೆ, ಅದರ ಮೇಲೊಂದು ಬೆಕ್ಕು. ಬಾಯಿ ನಿಂಗಮ್ಮನ ಕುರ್ಚಿಯನ್ನು ಕಾಲಿನಿಂದ ನನ್ನತ್ತ ತಳ್ಳಿದರು. ಎಂದಿನಂತೆ ಅದರೊಳಗೆ ಇಳಿದೆ. ಅಷ್ಟು ಕೆಳಗಿನಿಂದ ಕತ್ತೆತ್ತಿದರೆ ಗೋಡೆ ಕಾಣುವುದಿಲ್ಲ. ಅದರಾಚೆ ಎದುರಿನ ಬಿಲ್ಡಿಂಗಿನ ಎರಡನೆಯ ಮಾಳಿಗೆಯ ಅಡಿಗೆಮನೆಯ ಬಾಲ್ಕನಿ ನೇರ ಕಣ್ಣಿಗೆ ಬೀಳುತ್ತದೆ. ಅಲ್ಲಿ ಒಬ್ಬ ಹೆಂಗಸು ಬಗ್ಗಿ ಬಟ್ಟೆ ಹಿಂಡುತ್ತಿದ್ದಳು. ಒಳಗಿನಿಂದ ಮನೆಯೊಡತಿ ಮರಾಠಿಯಲ್ಲಿ ಕೂಗಿದಳು: "ಬಾಯೀ! ಭಾಂಡೀ ಝಾಲೀ ಕಾ?" ಪಾತ್ರೆ ಆಯಿತೇ ಎಂದು. ಹೆಂಗಸು ತಲೆ ಎತ್ತಿ "ಹಾಂ ತಾಯೀ" ಎಂದಳು. ನಿಂಗಮ್ಮನ ತಾಯಿ.

ಈ ಊರಿನಲ್ಲಿ ಮನೆಗೆಲಸದವಳೂ ಬಾಯಿಯೇ ಎಂಬುದು ನಲವತ್ತು ವರ್ಷದಿಂದ ನನಗೆ ಗೊತ್ತಿತ್ತು. ನಮ್ಮ ಮನೆಗೂ ಒಬ್ಬಳು ಬರುತ್ತಾಳೆ, ನಾನೂ ದಿನಕ್ಕೆ ಹತ್ತು ಸಲ ಕೂಗುತ್ತೇನೆ. ಬೆಳಗಿನಿಂದ ಮಧ್ಯಾಹ್ನದ ತನಕ ಆ ಮಗು ಅದೇ ಕುರ್ಚಿಯಲ್ಲಿ ಕೂತು, ಯಾರೋ ತನ್ನ ಅವ್ವನನ್ನು ಆ ಹೆಸರಿನಲ್ಲಿ ಕರೆಯುವುದನ್ನು ಕೇಳುತ್ತಿತ್ತು. ನಾನು ಬಾಯಿ ತೋರಿಸು ಎಂದೆ. ತೋರಿಸಿತು. ಸರಿಯುತ್ತರಕ್ಕೆ ಸೊನ್ನೆ ಹಾಕಿ, ಮೇಲೆ ದಪ್ಪ ಅಕ್ಷರದ ಷರಾ ಬರೆದವನು ನಾನು. ಆ ದಿನ ಕುರ್ಚಿಯಿಂದ ಏಳಲು ನನಗೆ ತುಂಬ ಹೊತ್ತು ಹಿಡಿಯಿತು, ಆದರೆ ತಪ್ಪು ಕುರ್ಚಿಯದಲ್ಲ.

ಇಬ್ಬರೂ ಹೆಡ್ಮಾಸ್ತರರ ಬಳಿ ಹೋದೆವು. ಅವರು ಉಡುಪಿಯ ಕಡೆಯವರು, ಭಾರೀ ಆಳು, ಕುರ್ಚಿಯಲ್ಲಿ ಕೂತರೆ ಕುರ್ಚಿಯ ಬಗ್ಗೆ ಕನಿಕರ ಹುಟ್ಟಬೇಕು. ನಾನು ಹದಿನೆಂಟನೆಯ ಪ್ರಶ್ನೆಯ ಕಥೆಯನ್ನೆಲ್ಲ ಒಪ್ಪಿಸಿದೆ.

"ಅದೆಲ್ಲ ಸರಿ ಮಾರಾಯ್ರೆ," ಎಂದರು. "ಆದರೆ ತಯಾರಿಲ್ಲ ಅಂತ ಬರೆದು ಸಹಿ ಹಾಕಿದವರು ನೀವೇ. ಈಗ ತಯಾರುಂಟು ಅಂತ ಹೇಳುವವರೂ ನೀವೇ. ನಾನು ಯಾವ ನಿಮ್ಮನ್ನು ನಂಬುವುದು? ಒಂದು ಬಾಯಿಗೆ ಸರಿ ಹೇಳಿತು ಅಂತಲೇ ಇಟ್ಟುಕೊಳ್ಳುವ. ಮಾತಾಡದ ಮಗುವನ್ನು ಅರವತ್ತು ಮಕ್ಕಳ ನಡುವೆ ಕೂರಿಸಿ ನಾನು ಎಂತ ಮಾಡುವುದು?" ಆಮೇಲೆ ಬಾಯಿಯವರ ಕಡೆ ತಿರುಗಿ, "ನಿಮ್ಮ ಅಭಿಪ್ರಾಯ ಎಂತದು ಟೀಚರೇ?" ಎಂದರು.

"ಅಭಿಪ್ರಾಯ ಇಲ್ರಿ ಸರ. ಪುಸ್ತಕ ಐತಿ."

ಬಾಯಿಯೇ ಓದಿ ಹೇಳಿದರು. ನಿಂಗಮ್ಮನದೇ ಹನ್ನೊಂದು ಪುಟ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತಾಳೆ. ಬಾಗಿಲಲ್ಲಿ ಮಕ್ಕಳು ಎರಚಿಹೋದ ಚಪ್ಪಲಿಗಳನ್ನು ಜೋಡಿ ಹಚ್ಚಿ ಸಾಲಾಗಿ ಇಡುತ್ತಾಳೆ. ಇಪ್ಪತ್ತೆರಡು ಜೋಡಿ. ಯಾರೂ ಹೇಳಿದ್ದಲ್ಲ. ಮನೆಗೆ ಹೋಗುವಾಗ ಯಾರದು ಯಾರಿಗೆ ಎಂದು ತಪ್ಪದೆ ಮುಂದಿಡುತ್ತಾಳೆ. ಒಂದೇ ನಮೂನೆಯ ನೀಲಿ ಚಪ್ಪಲಿ ಮೂರು ಜೋಡಿ ಇವೆ. ಒಂದರ ಉಂಗುಷ್ಠ ಹೊಲಿದದ್ದು, ಒಂದರ ಹಿಮ್ಮಡಿ ಸವೆದದ್ದು, ಇನ್ನೊಂದು ಹೊಸದು. ಒಂದು ಸಲವೂ ಅದಲುಬದಲಾಗಿಲ್ಲ. ಒಬ್ಬ ಬಾರದ ದಿನ ಸಾಲಿನಲ್ಲಿ ಅವನ ಜಾಗ ಖಾಲಿ ಬಿಡುತ್ತಾಳೆ.

ಹೆಡ್ಮಾಸ್ತರರು ಕೊನೆಯ ವಾಕ್ಯವನ್ನು ಮತ್ತೊಮ್ಮೆ ಓದಿಸಿಕೊಂಡರು. ಸ್ವಲ್ಪ ಹೊತ್ತು ಮೀಸೆ ತಿರುವಿ, "ಒಂದು ದಿನ ಬಂದು ನೋಡುತ್ತೇನೆ," ಎಂದರು.

ಬಂದರು. ಬಾಗಿಲಲ್ಲಿ ಚಪ್ಪಲಿಗಳ ಸಾಲು ಆಗಲೇ ಸಿದ್ಧವಾಗಿತ್ತು. ಅಧಿಕಾರದ ಗುಂಗಿನಲ್ಲಿ ಹೆಡ್ಮಾಸ್ತರರು ಬೂಟು ಹಾಕಿಕೊಂಡೇ ಒಳಗೆ ಬಂದು, ಬಾಯಿ ತೋರಿಸಿದ ಪುಟ್ಟ ಕುರ್ಚಿಯಲ್ಲಿ ಕೂತರು. ಅವರು ಕೂತದ್ದೋ ಅದರ ಮೇಲೆ ಇಳಿದದ್ದೋ ಹೇಳುವುದು ಕಷ್ಟ. ನಿಂಗಮ್ಮನನ್ನು ಹತ್ತಿರ ಕರೆದು, ಶಾಲಾ ವಾರ್ಷಿಕೋತ್ಸವದ ದನಿಯಲ್ಲಿ "ಮಗೂ, ನಿನ್ನ ಹೆಸರೇನು?" ಎಂದರು.

ನೆಲ ನೋಟ.

"ಇದು ಯಾವ ಬಣ್ಣ?"

ನೆಲ ನೋಟ. ಬಾಯಿಯವರ ಬೆರಳು ಮೊಣಕಾಲಿನ ಮೇಲೆ ಬಡಿಯುತ್ತಿತ್ತು. ಮೂರು ದಾಟಿ ಆರೇಳಾದರೂ ನಿಲ್ಲಲಿಲ್ಲ. ನಿಂಗಮ್ಮ ನೋಡುತ್ತಿದ್ದದ್ದು ನೆಲವನ್ನಲ್ಲ ಎಂದು ನನಗೆ ತಡವಾಗಿ ಕಂಡಿತು. ನೆಲದ ಮೇಲಿದ್ದ ಎರಡು ಭಾರೀ ಕಪ್ಪು ಬೂಟುಗಳನ್ನು. ಒಮ್ಮೆ ಬಾಗಿಲ ಸಾಲಿನ ಕಡೆ ನೋಡಿದಳು, ಮತ್ತೆ ಬೂಟಿನ ಕಡೆ ನೋಡಿದಳು. ಆಮೇಲೆ ಕೋಣೆಗೆಲ್ಲ ಕೇಳುವ ಹಾಗೆ, ಮನೆಯ ಹಿರಿಯಳಂತೆ ಹೇಳಿದಳು:

"ಬೂಟ್ ಬಿಚ್ರೀ."

ಮರಳಾಡುತ್ತಿದ್ದ ಮಕ್ಕಳೂ ಕೈ ನಿಲ್ಲಿಸಿದವು. ಹೆಡ್ಮಾಸ್ತರರು ಬಾಯಿಯವರನ್ನು ನೋಡಿದರು. ಬಾಯಿ ಬರೆಯುತ್ತಿದ್ದರು. ಹೆಡ್ಮಾಸ್ತರರು ಮೂವತ್ತು ವರ್ಷದ ಸೇವೆಯಲ್ಲಿ ಯಾರ ಮಾತಿಗೂ ಬಗ್ಗದವರೆಂದು ಹೆಸರಾದವರು. ಬಗ್ಗಿ ಲೇಸು ಬಿಚ್ಚಿದರು. ಎಡಗಾಲಿನ ಸಾಕ್ಸಿನಿಂದ ಹೆಬ್ಬೆರಳು ಹೊರಗೆ ಬಂದಿತ್ತು.

"ಬೆರಳು ಹೊರಗ ಬಂದದ," ಎಂದಳು ನಿಂಗಮ್ಮ. "ನಿಮ್ಮವ್ವಗ ಹೇಳ್ರಿ, ಹೊಲೀತಾಳ."

ಇಪ್ಪತ್ತೊಂದು ಮಕ್ಕಳು ಹೆಬ್ಬೆರಳಿನ ದರ್ಶನಕ್ಕೆ ಮುತ್ತಿಕೊಂಡವು. ನಿಂಗಮ್ಮ ಮಾತ್ರ ಎರಡೂ ಕೈಯಲ್ಲಿ ಬೂಟುಗಳನ್ನು ಎತ್ತಿಕೊಂಡು ಹೋಗಿ, ಸಾಲಿನ ಕೊನೆಯಲ್ಲಿ ತುದಿಗೆ ತುದಿ ಸರಿಮಾಡಿ ಇಟ್ಟಳು.

"ಇದಕ್ಕೆ ಮಾತಿಲ್ಲ ಅಂತ ಬರೆದದ್ದಾ ಮಾರಾಯ್ರೆ ನೀವು?" ಎಂದು ಹೆಡ್ಮಾಸ್ತರರು ನನ್ನ ಕಡೆ ತಿರುಗಿದರು. "ಬಹುವಚನ ಹಾಕಿ ಬೈದಳಲ್ಲ!" ಮತ್ತೆ ಬಾಯಿಯವರಿಗೆ, "ಆದರೆ ಹೆಸರು ಕೇಳಿದರೆ ಯಾಕೆ ಹೇಳಲಿಲ್ಲ?"

"ನಿಮಗ ಗೊತ್ತಿತ್ತಲ್ರಿ," ಎಂದರು ಬಾಯಿ. "ಈಗ 'ನಿಂಗಮ್ಮಾ ಬಾ' ಅಂತ ನೀವ ಕರದ್ರಿ. ಗೊತ್ತಿದ್ದದ್ದು ಮತ್ತ್ಯಾಕ ಕೇಳ್ತಾರ ಅಂತ ಆಕಿಗೆ. ಕೆಲಸ ಇದ್ರ ಮಾತಾಡ್ತಾಳ."

ಹೆಡ್ಮಾಸ್ತರರು ಆ ದಿನ ಒಂದು ಗಂಟೆ ಕೂತರು. ಕುರ್ಚಿಯನ್ನು ಅವರಿಂದ ಬೇರ್ಪಡಿಸಲು ನಾನೂ ಸಹಾಯಕಿಯೂ ಕೈ ಹಾಕಬೇಕಾಯಿತು. ಹೋಗುವಾಗ ನನ್ನ ಪಟ್ಟಿಯನ್ನು ಜೇಬಿನಿಂದ ತೆಗೆದು, ಷರಾದ ಮೇಲೆ ಅಡ್ಡಗೀಟು ಎಳೆದು, ಪಕ್ಕದಲ್ಲಿ "ತೆಗೆದುಕೊಳ್ಳಲಾಗಿದೆ" ಎಂದು ಬರೆದು, ನನ್ನಿಂದಲೇ ಸಾಕ್ಷಿ ಸಹಿ ಹಾಕಿಸಿಕೊಂಡರು. ಸಂಜೆ ಬಾಯಿ ತಾವೇ ಬಸ್ತಿಗೆ ಹೋಗಿ ನಿಂಗಮ್ಮನ ಅಪ್ಪನಿಗೆ ಸುದ್ದಿ ಮುಟ್ಟಿಸಿದರು. ಏನೆಂದಿರಿ ಎಂದು ಕೇಳಿದೆ. "ಜೂನ್ ಹದಿನೈದಕ್ಕ ಸಾಲಿ ಸುರು, ಚೀಲ ತಗೋ ಅಂದೆ," ಎಂದರು. ಅಷ್ಟೇ.

ಶಾಲೆ ಶುರುವಾದ ದಿನ ಬೆಳಿಗ್ಗೆ ನನಗೆ ಆ ಕಡೆ ಏನೋ ಕೆಲಸವಿತ್ತು. ಏನು ಕೆಲಸವೆಂದು ನೆನಪಿಲ್ಲ. ಗೇಟಿನ ಬಳಿ ಹೋದರೆ ಬಾಯಿಯವರೂ ನಿಂತಿದ್ದರು. ಅವರಿಗೂ ಆ ಕಡೆ ಕೆಲಸವಿತ್ತಂತೆ. ನಿಂಗಮ್ಮನ ತಾಯಿ ಆ ದಿನ ಎರಡು ಮನೆಯ ಕೆಲಸ ತಪ್ಪಿಸಿ ಬಂದಿದ್ದಳು. ಮೈಗಿಂತ ದೊಡ್ಡ ಚೀಲ ಹೊತ್ತ ನಿಂಗಮ್ಮ ತಾಯಿಯ ಬೆರಳು ಬಿಟ್ಟಳು, ಗೇಟು ದಾಟಿದಳು, ಅಂಗಳ ದಾಟಿದಳು, ಮೆಟ್ಟಿಲು ಹತ್ತಿದಳು, ಒಳಗೆ ಹೋದಳು. ಅವ್ವನನ್ನಾಗಲಿ, ಬಾಯಿಯವರನ್ನಾಗಲಿ, ಕೈ ಬೀಸಲು ಸಿದ್ಧನಾಗಿ ನಿಂತಿದ್ದ ನನ್ನನ್ನಾಗಲಿ ಒಮ್ಮೆಯೂ ತಿರುಗಿ ನೋಡಲಿಲ್ಲ.

"ಏನು ಮಗುವಪ್ಪಾ!" ಎಂದೆ. ಸ್ವಲ್ಪ ನೊಂದಿದ್ದೆ ಎಂದು ಕಾಣುತ್ತದೆ.

"ತಿರುಗಿ ನೋಡ್ಲಿಲ್ಲಂದ್ರ ಚೊಲೋರಿ ಸಾಹೇಬ್ರ," ಎಂದರು ಬಾಯಿ. "ಹಿಂದ ನಾವು ಇರ್ತೀವಿ ಅಂತ ಗೊತ್ತಿದ್ದ ಮಗು ತಿರುಗಿ ನೋಡೂದಿಲ್ಲ. ನೋಡೂ ಮಗೂಗ ಇನ್ನೊಂದಿಷ್ಟು ದಿನ ಬೇಕಾಗಿರ್ತೈತಿ."

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಕೆಲಸಕ್ಕೆ ಹೊರಟಳು. ನಾವಿಬ್ಬರೂ ಬಾಲವಾಡಿಯ ಕಡೆ ನಡೆದೆವು. ಹೊಸದಾಗಿ ಸೇರುವ ಮಕ್ಕಳ ವಿಷಯ ಮಾತಾಡುತ್ತ ಬಾಯಿ ನನ್ನ ಪಕ್ಕದಲ್ಲೇ ಬರುತ್ತಿದ್ದರು. ಗಲ್ಲಿಯ ತಿರುವು ಬರುವಷ್ಟರಲ್ಲಿ ಅವರು ಮೂರು ಸಲ ತಿರುಗಿ ನೋಡಿದರು.